ಡಯೊನಿಸಸ್ ರಂಗಮಂದಿರ: ಅಂಗಳ ದುಂಡಗಿತ್ತೇ, ಚೌಕವಾಗಿತ್ತೇ?

ಗ್ರೀಕ್ ರಂಗಮಂದಿರ ಎಂದೊಡನೆ ಕಣ್ಣಿಗೆ ಕಟ್ಟುವುದು ಗುಡ್ಡದ ಇಳಿಜಾರಿನಲ್ಲಿ ಬೀಸಣಿಗೆಯಂತೆ ಹರಡಿದ ಕಲ್ಲಿನ ಮೆಟ್ಟಿಲುಗಳು, ಅವುಗಳ ಬುಡದಲ್ಲಿ ಮೇಳ ಹಾಡಿ ಕುಣಿಯುವ ದುಂಡನೆಯ ಅಂಗಳ. ಆ ಚಿತ್ರ ಗ್ರೀಸಿನ ಇನ್ನೊಂದು ಊರಾದ ಎಪಿಡಾರಸ್‌ನದು. ಕ್ರಿ.ಪೂ. 5ನೇ ಶತಮಾನದ ನಾಟಕಕಾರರಾದ ಸೋಫೊಕ್ಲಿಸ್, ಯೂರಿಪಿಡಿಸ್ ನಾಟಕ ಆಡಿಸಿದ್ದು ಅಥೆನ್ಸ್‌ನಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣ ತಪ್ಪಲಿನಲ್ಲಿ, ಮದ್ಯ ಹಾಗೂ ನಾಟಕದ ದೇವರಾದ ಡಯೊನಿಸಸ್‌ನ ರಂಗಮಂದಿರದಲ್ಲಿ. ಎಪಿಡಾರಸ್‌ನ ಮಂದಿರ ಎದ್ದಾಗ ಅವರು ತೀರಿಕೊಂಡು ದಶಕಗಳೇ ಕಳೆದಿದ್ದವು.

ಅವರ ಕಾಲದ ಅಂಗಳ ಯಾವ ಆಕಾರದಲ್ಲಿತ್ತು ಎಂಬ ವಾದ ದಶಕಗಳಿಂದ ನಡೆದಿದೆ. ಅಲ್ಲಿ ಈಗ ಕಾಣುವ ಕಲ್ಲಿನ ಆಸನಗಳು ಕ್ರಿ.ಪೂ. 330ರ ಸುಮಾರಿಗೆ, ಅಥೆನ್ಸ್‌ನ ಮುತ್ಸದ್ದಿ ಲೈಕರ್ಗಸ್‌ನ ಆಡಳಿತದಲ್ಲಿ ಬಂದವು. ಅಂಗಳದ ಅಮೃತಶಿಲೆಯ ಹಾಸು ರೋಮನ್ನರದು; ಗ್ಲೇಡಿಯೇಟರ್ ಕಾಳಗಕ್ಕಾಗಿ ಸುತ್ತ ತಡೆಗೋಡೆ ನಿಲ್ಲಿಸಿದವರೂ ಅವರೇ. ಆಮೇಲೆ ಚರ್ಚು, ಆಮೇಲೆ ಮಣ್ಣು.

1880ರ ದಶಕದಲ್ಲಿ ಇಲ್ಲಿ ಅಗೆದ ಜರ್ಮನ್ ವಾಸ್ತುಶಿಲ್ಪಿ ವಿಲ್‌ಹೆಲ್ಮ್ ಡಾರ್ಪ್‌ಫೆಲ್ಡ್‌ಗೆ ರಂಗದ ಹಿಂಬದಿಯಲ್ಲಿ ಹಳೆಯ ಗೋಡೆಯ ಬಾಗಿದ ತುಂಡೊಂದು ಸಿಕ್ಕಿತು. ಉದ್ದ ಕೆಲವೇ ಮೀಟರ್. ಇನ್ನೊಂದೆರಡು ಚೂರು ಕುರುಹುಗಳನ್ನು ಅದಕ್ಕೆ ಸೇರಿಸಿ ಅವರು ಸುಮಾರು 24 ಮೀಟರ್ ಅಡ್ಡಳತೆಯ ಪೂರ್ಣ ವೃತ್ತ ಎಳೆದರು. ಅಷ್ಟು ಕಲ್ಲಿಗೆ ಅಷ್ಟು ದೊಡ್ಡ ವೃತ್ತ, ಧಾರಾಳ ಸ್ವಲ್ಪ ಹೆಚ್ಚಾಯಿತು. ಆದರೂ ನಕ್ಷೆ ಅಂದವಾಗಿತ್ತು. ಪಠ್ಯಪುಸ್ತಕಗಳು ಅದನ್ನು ಬಿಡಲಿಲ್ಲ.

1947ರಲ್ಲಿ ಇಟಲಿಯ ಪುರಾತತ್ವಜ್ಞ ಕಾರ್ಲೊ ಆಂಟಿ ತಕರಾರು ತೆಗೆದರು: ಆರಂಭದ ರಂಗಮಂದಿರಗಳು ನೇರ ಅಂಚಿನವು. ಬಾಗಿದ ಆ ಗೋಡೆ ಬರಿಯ ಮಣ್ಣು ತಡೆಯುವ ಕಟ್ಟೆ ಇರಬಹುದು ಎಂದು ಮುಂದಿನವರೂ ಹೇಳಿದರು. ಅವರ ಕೈಯಲ್ಲಿ ಗಟ್ಟಿ ಸಾಕ್ಷ್ಯವೂ ಇತ್ತು. ಮುಂದಿನ ಸಾಲಿನ ಗೌರವಾಸನಗಳದು ಎನ್ನಲಾದ, ಪುರೋಹಿತ, ಸಾರುವವ ಎಂಬ ಅಕ್ಷರಗಳುಳ್ಳ ಹಳೆಯ ಕಲ್ಲುಗಳಲ್ಲಿ ಬಾಗು ಕಾಣುವುದಿಲ್ಲ. ಅಥೆನ್ಸ್‌ನ ಆಗ್ನೇಯಕ್ಕಿರುವ ಥೊರಿಕೊಸ್‌ನ ಇನ್ನೂ ಹಳೆಯ ರಂಗಮಂದಿರದ ಅಂಗಳವಂತೂ ಉದ್ದುದ್ದ ಎಳೆದ ಚೌಕ.

ಈಚಿನ ಉತ್ಖನನದಲ್ಲಿ ಮರದ ಆಸನಗಳ ಕಂಬ ನೆಟ್ಟ ಕುಳಿಗಳು ಸಿಕ್ಕ ಮೇಲೆ ಪ್ರೇಕ್ಷಕರ ಲೆಕ್ಕವೇ ಬದಲಾಯಿತು. ಲೈಕರ್ಗಸ್‌ನ ಕಟ್ಟಡ ಹಿಡಿಸುತ್ತಿದ್ದ 15-17 ಸಾವಿರ ಜನರನ್ನು ಸೋಫೊಕ್ಲಿಸ್‌ನ ಕಾಲಕ್ಕೂ ಕೂರಿಸುವುದು ವಾಡಿಕೆಯಾಗಿತ್ತು. ಈಗ ಹಲವು ವಿದ್ವಾಂಸರು 4ರಿಂದ 7 ಸಾವಿರ ಎನ್ನುತ್ತಾರೆ. ‘ಇಡೀ ನಗರವೇ ನೆರೆಯುತ್ತಿತ್ತು’ ಎಂಬ ಮಾತನ್ನು ಇನ್ನು ತೂಗಿ ಆಡಬೇಕು.

ವೃತ್ತದ ಪಕ್ಷ ಸೋತಿಲ್ಲ. ಡಯೊನಿಸಸ್‌ನ ಸ್ತುತಿಗೀತೆಗೆ 50 ಜನರ ಮೇಳ ಸುತ್ತುಗಟ್ಟಿ ಕುಣಿಯುತ್ತಿತ್ತು, ಅದಕ್ಕೆ ದುಂಡಗಿನ ನೆಲ ಬೇಡವೇ ಎಂಬುದು ಅವರ ಪ್ರಶ್ನೆ. ಚೌಕದ ಅಂಗಳದಲ್ಲಿ ಸುತ್ತು ಕುಣಿಯಲು ಅಡ್ಡಿಯೇನು ಎಂಬುದು ಎದುರಿನವರ ಉತ್ತರ. ದುರಂತ ನಾಟಕದ ಮೇಳ ಹೇಗೂ ಸಾಲುಸಾಲಾಗಿ, ಆಯತಾಕಾರದಲ್ಲಿ ನಿಲ್ಲುತ್ತಿತ್ತು ಎಂದು ಪ್ರಾಚೀನರೇ ಬರೆದಿದ್ದಾರೆ.