ಬೊಗೊಟಾದ ಕಾಯಿದೆ, ಮಕ್ಕಂದೂರಿನ ಲೈನ್‌ಮನೆ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡದ ಬರೆ ಕುಸಿದು ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯ ಜನ ಉಟ್ಟ ಬಟ್ಟೆಯಲ್ಲೇ ಹೊರಟು ಬಂದಾಗ, ಪರಿಹಾರ ಕೇಂದ್ರವೊಂದರಲ್ಲಿ ಅರ್ಜಿ ತುಂಬಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾಫಿ ತೋಟದ ಲೈನ್‌ಮನೆಯಲ್ಲಿದ್ದ (ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆ) ಕಾರ್ಮಿಕ ಹೆಂಗಸೊಬ್ಬರು, ‘ಪಹಣಿ ವಿವರ’ ಎಂಬ ಕಲಂ ಬಂದಾಗ ಸುಮ್ಮನಾಗಿ, ಸೆರಗಿನ ಗಂಟು ಬಿಚ್ಚಿ ಒದ್ದೆಯಾದ ಸಂಬಳದ ಚೀಟಿಯನ್ನು ಮೇಜಿನ ಮೇಲಿಟ್ಟು, ‘ಇದು ನಡೀತದಾ?’ ಎಂದು ಕೇಳಿದರು. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಈ ಕಾರಣಕ್ಕೇ ನಾನು ಕೊಲಂಬಿಯಾದ ವ್ಯವಸ್ಥೆಯನ್ನು ಮತ್ತೆ ಮತ್ತೆ ಓದುತ್ತೇನೆ. ಸಶಸ್ತ್ರ ಸಂಘರ್ಷದಿಂದ ನೆಲೆ ತಪ್ಪಿದವರಿಗಾಗಿ 1997ರಲ್ಲಿ ಅಲ್ಲಿ ಬಂದ 387ನೇ ಕಾಯಿದೆಯಡಿ, ಸಂತ್ರಸ್ತರು ಅಧಿಕಾರಿಯ ಮುಂದೆ ಕೊಡುವ ಹೇಳಿಕೆಯೇ ನೋಂದಣಿಗೆ ಆಧಾರವಾಯಿತು. ಹೇಳಿಕೆಯನ್ನು ಸದ್ಭಾವದಿಂದ ಕೊಟ್ಟದ್ದೆಂದೇ ತಿಳಿಯಬೇಕು, ಸುಳ್ಳೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿದೆ.

ಅಲ್ಲೂ ಕಾಫಿ, ಇಲ್ಲೂ ಕಾಫಿ ಎಂದು ಇಡೀ ಕಾರ್ಯಕ್ರಮವನ್ನೇ ತಂದುಬಿಡುವ ಹುಮ್ಮಸ್ಸು ಕೆಲವರಿಗಿದೆ. ಆದರೆ ಅಲ್ಲಿ 2011ರ ಕಾಯಿದೆಯು ಬಿಟ್ಟು ಹೋದ ಭೂಮಿಯನ್ನು ಮರಳಿ ಕೊಡಿಸುತ್ತದೆ, ಏಕೆಂದರೆ ಆ ಭೂಮಿ ಇನ್ನೂ ಅಲ್ಲೇ ಇದೆ, ಇನ್ನೊಬ್ಬರ ಕೈಯಲ್ಲಿದೆ. ನಮ್ಮಲ್ಲಿ ನೆಲವೇ ಕಾಫಿ ಗಿಡ, ಮೆಣಸಿನ ಬಳ್ಳಿ ಸಮೇತ ಹೊಳೆಗೆ ಇಳಿದಿದೆ. ಅದರ ಜೊತೆಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ದಾಖಲೆ ಇಡೀ ಒಕ್ಕದ, ಅಂದರೆ ಮನೆತನದ, ಹಿರಿಯನಾದ ಪಟ್ಟೇದಾರರ ಹೆಸರಿನಲ್ಲಿರುವಾಗ, ಮರಳಿಸುವುದಾದರೂ ಯಾರಿಗೆ?

ಉಕ್ರೇನ್‌ನಿಂದ ಪಡೆಯಬಹುದಾದ್ದು ಒಂದೇ. ಅಲ್ಲಿ 2022ರಲ್ಲಿ ಯುದ್ಧದಿಂದ ನೆಲೆ ತಪ್ಪಿದ ವಯಸ್ಕರಿಗೆ ತಿಂಗಳಿಗೆ 2,000, ಮಕ್ಕಳಿಗೆ 3,000 ಹ್ರಿವ್ನಿಯಾ ಎಂದು ತಲೆಲೆಕ್ಕದಲ್ಲಿ ಕೊಟ್ಟರು. ಒಂದೇ ಸೂರಿನಡಿ ಮೂವರು ಅಣ್ಣತಮ್ಮಂದಿರ ಸಂಸಾರವಿದ್ದು ರೇಷನ್ ಕಾರ್ಡ್ ಮಾತ್ರ ಒಂದೇ ಇದ್ದರೆ, ಕುಟುಂಬದ ಲೆಕ್ಕ ಎಲ್ಲಿ ಎಡವುತ್ತದೆಂದು ಇಲ್ಲಿನವರಿಗೆ ವಿವರಿಸಬೇಕಿಲ್ಲ.

ಕೊಲಂಬಿಯಾದ ಹೇಳಿಕೆಯ ಪದ್ಧತಿಯನ್ನು ತರುವಾಗಲೂ ಒಂದು ಎಚ್ಚರ ಬೇಕು. ವಾಸಕ್ಕೆ ಸಾಕ್ಷಿಯೆಂದು ತೋಟದ ಲೆಕ್ಕ ಬರೆಯುವ ರೈಟರ್‌ನ ಹಾಜರಿ ಪುಸ್ತಕವನ್ನಷ್ಟೇ ನೆಚ್ಚಿಕೊಂಡರೆ, ನಾಳೆ ಹಕ್ಕು ಕೇಳಿಯಾರೆಂಬ ಅಂಜಿಕೆಯಿಂದ ಮಾಲೀಕರು ಅದನ್ನು ಕೊಡದೇ ಇರಬಹುದು. ಅದರ ಬದಲು ಆಶಾ ಕಾರ್ಯಕರ್ತೆಯ ಭೇಟಿ ಪುಸ್ತಕ, ಅಂಗನವಾಡಿಯ ಹಾಜರಿ, ಪಕ್ಕದ ಲೈನಿನ ಇಬ್ಬರ ಮಾತು, ಇವುಗಳಲ್ಲಿ ಯಾವುದಾದರೊಂದು ಸಾಕೆಂದು ನಮೂನೆಯಲ್ಲೇ ಅಚ್ಚಾಗಬೇಕು. ಅದೂ ಮಳೆಗಾಲ ಹಿಡಿಯುವ ಮೊದಲೇ, ಏಕೆಂದರೆ ಕೇಂದ್ರ ತೆರೆದ ಮೇಲೆ ನಮೂನೆ ತಿದ್ದಲು ಯಾರಿಗೂ ಪುರುಸೊತ್ತಿರುವುದಿಲ್ಲ.