ತಿರಸ್ಕಾರದೊಳಗೆ ಒಂದು ಪರದೆ

ಕಚೇರಿ ಕಾಗದಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಅರ್ಜಿ, ನೋಟಿಸು, ಆದೇಶ, ಸುತ್ತೋಲೆ, ದಿನವಿಡೀ ಇವೇ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹಿರಿಯರೊಬ್ಬರು ಒಂದು ಪತ್ರ ಹಿಡಿದುಕೊಂಡು ಮನೆಗೆ ಬಂದರು. ಪಿಂಚಣಿಗೆ ಹಾಕಿದ್ದ ಅರ್ಜಿಗೆ ಬಂದ ಉತ್ತರ ಅದು. 'ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ' ಎಂದಷ್ಟೇ ಇತ್ತು.

"ಕೊಡಕ್ಕಾಗಲ್ಲ ಅಂದಿದ್ರೆ ಸಾಕಿತ್ತಲ್ವಾ ಅಮ್ಮ? ತಿರಸ್ಕಾರ ಮಾಡೋ ಅಂಥದ್ದು ನಾನೇನು ಮಾಡಿದ್ದೆ?" ಎಂದು ಕೇಳಿದರು.

ನನಗೆ ಮಾತು ಹೊರಡಲಿಲ್ಲ. ಅದೇ ಸಾಲನ್ನು ಬೇರೆ ಕಾಗದಗಳಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೆ. ಅವರು ಹೋದ ಮೇಲೆ ಆ ಪದವನ್ನು ಬಿಡಿಸಿ ನೋಡುತ್ತಾ ಕೂತೆ.

ತಿರಸ್ಕಾರ ಸಂಸ್ಕೃತದಿಂದ ಬಂದ ಪದ. ತಿರಸ್ ಮತ್ತು ಕಾರ ಸೇರಿ ಆದದ್ದು. 'ಕಾರ' ಅಂದರೆ ಮಾಡುವುದು. 'ತಿರಸ್' ಅಂದರೆ ಅಡ್ಡ, ಆಚೆ, ಕಣ್ಣಿಗೆ ಬೀಳದ ಹಾಗೆ. ಪಾಣಿನಿಯಲ್ಲಿ 'ತಿರೋಽಂತರ್ಧೌ' ಎಂಬ ಸೂತ್ರವೇ ಇದೆ. ಅದು ಮರೆಯಾಗುವ ಅರ್ಥದ ತಿರಸ್ ಕುರಿತದ್ದು. ತಿರೋಹಿತ, ತಿರೋಧಾನ ಎಲ್ಲ ಇದೇ ಮನೆಯ ಮಕ್ಕಳು. ಶೈವರು ಶಿವನ ಐದು ಕೆಲಸಗಳಲ್ಲಿ ಎಣಿಸುವ ತಿರೋಭಾವವೂ ಅಷ್ಟೇ, ಮರೆಮಾಡುವುದು. ಹೀಗೆ ನೋಡಿದರೆ ತಿರಸ್ಕಾರ ಎಂದರೆ ಮೊದಲಿಗೆ ಬರೀ 'ಮರೆಮಾಡು' ಅಂತ. ಅದರಲ್ಲಿ ಬೈಗುಳ ಇರಲಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ 'ತಿರಸ್ಕರಿಣಿ'. ಅಂದರೆ ಪರದೆ. ಕುಮಾರಸಂಭವದ ಮೊದಲನೇ ಸರ್ಗದಲ್ಲಿ ಕಾಳಿದಾಸ ಹಿಮಾಲಯವನ್ನು ವರ್ಣಿಸುತ್ತಾನೆ. ಅಲ್ಲಿನ ಗುಹೆಗಳಲ್ಲಿ ಉಟ್ಟ ಬಟ್ಟೆ ಸೆಳೆಯಲ್ಪಟ್ಟ ಕಿಂಪುರುಷ ಹೆಂಗಸರು ನಾಚಿಕೊಳ್ಳುತ್ತಾರೆ. ಆಗ ಗುಹೆಯ ಬಾಗಿಲಿಗೆ ತಾನಾಗಿ ಬಂದು ಇಳಿಬಿದ್ದ ಮೋಡಗಳೇ ಅವರಿಗೆ ತಿರಸ್ಕರಿಣಿಗಳಾಗುತ್ತವೆ. ಅವನದೇ ನಾಟಕ ವಿಕ್ರಮೋರ್ವಶೀಯದಲ್ಲಿ ಅಪ್ಸರೆ ಊರ್ವಶಿ ರಾಜ ಪುರೂರವನ ಹತ್ತಿರವೇ ಬಂದು ಅವನಿಗೆ ಕಾಣದೆ ನಿಲ್ಲುವುದೂ ತಿರಸ್ಕರಿಣಿ ವಿದ್ಯೆಯಿಂದ. ಇವತ್ತು ನಾವು ಮಾನ ಕಳೆಯಲು ಬಳಸುವ ಪದದ ಒಡಹುಟ್ಟು ಅಲ್ಲಿ ಮಾನ ಕಾಯುತ್ತಿದೆ.

ಒಂದು ಎಚ್ಚರಿಕೆ. ಯಕ್ಷಗಾನದಲ್ಲಿ ವೇಷದ ಮುಂದೆ ಹಿಡಿಯುವ 'ತೆರೆ'ಗೂ ಈ ತಿರಸ್‌ಗೂ ನಂಟು ಕಟ್ಟಲು ಮನಸ್ಸಾಗುತ್ತದೆ. ಆದರೆ ತೆರೆ ನಮ್ಮದೇ ದ್ರಾವಿಡ ಪದ, ತಮಿಳಿನಲ್ಲಿ ಅದು ತಿರೈ. ತಿರಸ್‌ನ ದೂರದ ನೆಂಟರು ಇರುವುದು ಲ್ಯಾಟಿನ್‌ನಲ್ಲಿ. 'ಟ್ರಾನ್ಸ್‌ಫರ್' ಪದದ ಟ್ರಾನ್ಸ್ ಅದೇ ಬೇರಿನದು.

ಮರೆಮಾಡುವ ಪದ ಕೀಳಾಗಿ ಕಾಣುವ ಪದ ಆದದ್ದು ಹೇಗೆ? ಅದರ ಜೋಡಿ ಪದವನ್ನು ಪಕ್ಕಕ್ಕಿಟ್ಟರೆ ತಿಳಿಯುತ್ತದೆ. ಪುರಸ್ಕಾರ. 'ಪುರಸ್' ಅಂದರೆ ಮುಂದೆ. ಯಾರನ್ನು ಎಲ್ಲರ ಮುಂದೆ ತಂದು ನಿಲ್ಲಿಸುತ್ತೇವೋ ಅವರಿಗೆ ಪುರಸ್ಕಾರ. ಯಾರನ್ನು ಕಣ್ಣಿಂದ ಆಚೆ ಸರಿಸುತ್ತೇವೋ ಅವರಿಗೆ ತಿರಸ್ಕಾರ. ಎದುರಿಗೇ ನಿಂತಿದ್ದರೂ ಇಲ್ಲವೇ ಇಲ್ಲ ಎನ್ನುವ ಹಾಗೆ ಇರುವುದು. ಮದುವೆ ಮನೆಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಊಟಕ್ಕೆ ಕರೆದರೆ ಹೇಗಿರುತ್ತದೆ, ಹಾಗೆ.

ಅದೇ ಪದ ಬೇರೆ ಭಾಷೆಗಳಲ್ಲಿ ಬೇರೆ ದಾರಿ ಹಿಡಿದಿದೆ. ಬಂಗಾಳಿಯಲ್ಲಿ ತಿರಸ್ಕಾರ ಅಂದರೆ ಗದರಿಕೆ. ಮರಾಠಿಯಲ್ಲಿ ಅದಕ್ಕೆ ದ್ವೇಷದ ಖಾರ ಜಾಸ್ತಿ.

ಕನ್ನಡದಲ್ಲಿ ಇದರ ಸುತ್ತ ಬೇರೆ ಪದಗಳೂ ಇವೆ. ಅವುಗಳ ತೂಕ ಒಂದೇ ಅಲ್ಲ. ಅಸಡ್ಡೆಯನ್ನೇ ತಗೊಳ್ಳಿ. ಅದು ಅಶ್ರದ್ಧೆಯ ತದ್ಭವ. ವೃದ್ಧಿ ನಮ್ಮ ಬಾಯಲ್ಲಿ ಬಡ್ಡಿ ಆದ ಹಾಗೆ ಶ್ರದ್ಧೆ ಸಡ್ಡೆ ಆಯಿತು. ಶ್ರದ್ಧೆ ಅಂದರೆ ಮೂಲದಲ್ಲಿ ಮನಸ್ಸನ್ನು ಇಡುವುದು. ಅಸಡ್ಡೆ ಮಾಡಿದವನು ಮನಸ್ಸು ಕೊಡಲಿಲ್ಲ, ಅಷ್ಟೇ. ಕಡೆಗಣಿಸಿದವನು ಎಣಿಕೆಯಲ್ಲಿ ಕೊನೆಗಿಟ್ಟ. ತಿರಸ್ಕರಿಸಿದವನು ನೋಡಿಯೂ ಆಚೆ ನೂಕಿದ. ಅದಕ್ಕೇ ಅದು ಜಾಸ್ತಿ ನೋಯಿಸುತ್ತದೆ.

ಕಚೇರಿಗೆ ಈ ಪದ ಬಂದದ್ದು 'ರಿಜೆಕ್ಟ್' ಎಂಬುದಕ್ಕೆ ಸಾಟಿಯಾಗಿ. ನಾಮಪತ್ರ ತಿರಸ್ಕೃತ, ಮತ ತಿರಸ್ಕೃತ, ಅರ್ಜಿ ತಿರಸ್ಕೃತ. ನಾಮಪತ್ರದ ಮಾತು ಬಿಡಿ, ಅಲ್ಲಿ ಅದು ರೂಢಿಯಾಗಿ ಕೂತಿದೆ. ಆದರೆ ಪಿಂಚಣಿ ಕೇಳಿದ ಅಜ್ಜ ಕಚೇರಿ ಕನ್ನಡ ಓದಿಕೊಂಡು ಬಂದವರಲ್ಲ. ಅವರ ಕಿವಿಗೆ ಬಿದ್ದಿರುವುದು 'ಸೊಸೆ ನನ್ನನ್ನು ತಿರಸ್ಕಾರದಿಂದ ನೋಡಿದಳು' ಎನ್ನುವ ತಿರಸ್ಕಾರ. ಕಾಗದದ ಮೇಲೂ ಅವರು ಅದನ್ನೇ ಓದುತ್ತಾರೆ. ತಪ್ಪು ಅವರದ್ದಲ್ಲ, ನಮ್ಮದು.

ಈಗ ನಾನು 'ನಿಮ್ಮ ಅರ್ಜಿಯನ್ನು ಒಪ್ಪಲು ಆಗಿಲ್ಲ' ಎಂದು ಬರೆಯುತ್ತೇನೆ. ಒಬ್ಬ ಅಧಿಕಾರಿ ಒಮ್ಮೆ ಇದು ಗಟ್ಟಿಯಾಗಿಲ್ಲ ಎಂದು ಹೊಡೆದುಹಾಕಿದ್ದೂ ಇದೆ. ಆಮೇಲೆ ಅವರ ಜೊತೆ ಕೂತು ಮಾತಾಡಿದೆ, 'ಮಂಜೂರು ಮಾಡಿಲ್ಲ' ಎಂಬುದಕ್ಕೆ ಇಬ್ಬರೂ ಒಪ್ಪಿದೆವು. ಅದರ ಕೆಳಗೆ ಇನ್ನೊಂದು ಸಾಲನ್ನೂ ಕೇಳಿ ಹಾಕಿಸಿಕೊಂಡೆ. ಅದರಲ್ಲಿ ಕಾರಣ ಏನು, ಮತ್ತೆ ಯಾವ ಕಾಗದ ತರಬೇಕು ಎಂದು ಇರುತ್ತದೆ.