ಲೈಸೆನ್ಸ್ ಕೀ: ಬೀಗವೂ ಬೀಗದ ಕೈಯೂ ಒಂದೇ ಡಬ್ಬಿಯಲ್ಲಿದ್ದರೆ

ಪ್ರೋಗ್ರಾಂ ಕಾಸು ಕೊಟ್ಟು ಕೊಂಡದ್ದೆಂದು ತೋರಿಸಲು ಹೊಡೆಯುವ ಸಂಕೇತವೇ ಲೈಸೆನ್ಸ್ ಕೀ. ಅಂಗಡಿಯಲ್ಲಿ ಮಾರಿದ ವಿಂಡೋಸ್ 95ರ ಸಿಡಿ ಕೀ ನೋಡಿ. ಮೂರು ಅಂಕಿ, ಅಡ್ಡಗೆರೆ, ಆಮೇಲೆ ಏಳು ಅಂಕಿ. ಮೊದಲ ಮೂರು 333, 444, ಹೀಗೆ 999ರವರೆಗಿನ, ಒಂದೇ ಅಂಕಿ ಮೂರು ಸಲ ಬರುವ ಸಂಖ್ಯೆಗಳಾಗಿರಬಾರದು; ಕೊನೆಯ ಏಳನ್ನು ಕೂಡಿದರೆ ಮೊತ್ತ 7ರಿಂದ ಭಾಗವಾಗಬೇಕು. ಮುಖ್ಯವಾಗಿ ಅಷ್ಟೇ ಪರೀಕ್ಷೆ. 111-1111111 ಎಂದು ಹೊಡೆದರೂ ನಡೆಯುತ್ತದೆ, ಏಳು ಒಂದು ಏಳೇ ತಾನೆ! ಯಾರಿಗೆ ಮಾರಿದ್ದು, ಯಾವಾಗ ಮಾರಿದ್ದು ಎಂಬ ಸುಳಿವೇ ಅದರಲ್ಲಿಲ್ಲ.

ಇಲ್ಲಿ ಕೀ ಪರೀಕ್ಷಿಸುವ ಸೂತ್ರ ಗೊತ್ತಾದರೆ ಕೀ ತಯಾರಿಸುವುದೂ ಗೊತ್ತಾದಂತೆ. ಆ ಸೂತ್ರವೋ ಗಿರಾಕಿಯ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಕೋಡು ಬಿಚ್ಚಿ ತೋರಿಸುವ ಗಿಡ್ರಾದಂಥ ಟೂಲಿನಲ್ಲಿ (ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಇದನ್ನು 2019ರಲ್ಲಿ ಪುಕ್ಕಟೆ ಬಿಟ್ಟಿತು) ಪ್ರೋಗ್ರಾಂ ತೆರೆದು, 'ಕೀ ತಪ್ಪಾಗಿದೆ' ಎಂಬ ಸಂದೇಶ ಹುಡುಕಿ, ಅದನ್ನು ತೋರಿಸುವ ಕೋಡಿನಿಂದ ಹಿಂದಕ್ಕೆ ನಡೆದರೆ ಸೂತ್ರ ಸಿಗುತ್ತದೆ. ಕೀಜೆನ್, ಅಂದರೆ ಕೀ ತಯಾರಿಸಿಕೊಡುವ ಪ್ರೋಗ್ರಾಂ, ಹುಟ್ಟುವುದು ಹೀಗೆ.

ಡಿಜಿಟಲ್ ಸಹಿ ಬಳಸಿದರೆ ಈ ದಾರಿ ಮುಚ್ಚುತ್ತದೆ. ಸಹಿ ಹಾಕುವ ಗುಟ್ಟಿನ ಕೀ ಮಾರುವವನ ಬಳಿಯೇ ಉಳಿಯುತ್ತದೆ, ಪ್ರೋಗ್ರಾಮಿನಲ್ಲಿ ಇರುವುದು ಪರೀಕ್ಷಿಸುವ ಸಾರ್ವಜನಿಕ ಕೀ ಮಾತ್ರ. ಆದರೂ ಕ್ರ್ಯಾಕ್, ಅಂದರೆ ಪ್ರೋಗ್ರಾಮನ್ನೇ ತಿದ್ದುವುದು, ತಪ್ಪಿದ್ದಲ್ಲ: ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರ್) ಕೋಡಿನಲ್ಲಿ 74 ಎಂಬ ಬೈಟನ್ನು 75 ಮಾಡಿದರೆ 'ಸರಿಯಿದ್ದರೆ ಹೋಗು' ಎಂಬುದು 'ತಪ್ಪಿದ್ದರೆ ಹೋಗು' ಎಂದಾಗುತ್ತದೆ. ಕೀಜೆನ್, ಕ್ರ್ಯಾಕ್ ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಇನ್ನು ದುಡ್ಡಿನ ಮಾತು. ಸಣ್ಣ ಕಂಪನಿಗೆ ಒಂದು ಪ್ರತಿಯ ಹಣ ಬರುವುದು ಒಮ್ಮೆ. ಗಿರಾಕಿಯ ಇಮೇಲ್‌ಗಳು, ಹೊಸ ಆಪರೇಟಿಂಗ್ ಸಿಸ್ಟಂಗೆ ಹೊಂದಿಸುವ ಕೆಲಸ ಮಾತ್ರ ವರ್ಷಗಟ್ಟಲೆ. ಹಾಗಾಗಿ ಒಂದೇ ಕೀ ಸಾವಿರ ಜನರ ಕೈಗೆ ಹೋದರೆ ದೊಡ್ಡ ಕಂಪನಿಗಿಂತ ಇವರಿಗೇ ಹೆಚ್ಚು ಉರಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಆಂಬ್ರೋಸಿಯಾ ಸಾಫ್ಟ್‌ವೇರ್ ಒಳ್ಳೆಯ ಉದಾಹರಣೆ. 1993ರಲ್ಲಿ ಶುರುವಾಗಿ ಮ್ಯಾಕ್‌ಗೆ ಶೇರ್‌ವೇರ್ ಆಟಗಳನ್ನು (ಮೊದಲು ಆಡಿ ನೋಡಿ ಆಮೇಲೆ ಹಣ ಕೊಡುವಂಥವು) ಮಾರುತ್ತಿತ್ತು. ಕದ್ದ ಕೀ ಹಂಚಿಕೆ ತಡೆಯಲು ಅದು ಕೀಯೊಳಗೇ ತಾರೀಖು ಹುದುಗಿಸಿತು: ಕೊಟ್ಟ ಸ್ವಲ್ಪ ದಿನದಲ್ಲೇ ಬಳಸಬೇಕು, ತಡವಾಗಿ ಬೇರೆ ಯಂತ್ರಕ್ಕೆ ಹಾಕುವುದಾದರೆ ಅವರಿಂದ ಹೊಸ ಕೀ ಪಡೆಯಬೇಕು. ನನ್ನ ಮಟ್ಟಿಗೆ ಇದು ಜಾಣ ಏರ್ಪಾಡೇ, ಕಂಪನಿ ಬದುಕಿರುವವರೆಗೆ.

ಕಂಪನಿ ಮುಚ್ಚಿತು, ಹೊಸ ಕೀ ಕೊಡುತ್ತಿದ್ದ ಸರ್ವರ್ ಹೋಯಿತು. ಕಾಸು ಕೊಟ್ಟವರೇ ತಮ್ಮ ಆಟ ತೆರೆಯಲಾರದೆ ಕೂತರು. ಅಭಿಮಾನಿಗಳು ಕೋಡು ಬಿಚ್ಚಿ ನೋಡಿದಾಗ ಕೀ ತಯಾರಿಸುವ ಸೂತ್ರ ಪ್ರೋಗ್ರಾಮಿನಲ್ಲೇ ಸಿಕ್ಕಿತು. ಸಹಿಯ ಪದ್ಧತಿ ಇದ್ದಿದ್ದರೆ ಅವರು ಒಂದೊಂದು ಆಟವನ್ನೂ ಬೇರೆಬೇರೆಯಾಗಿ ತಿದ್ದಬೇಕಿತ್ತು.